ಸೊಂಟದ ಮೇಡಂ

ಅವರ ಹೆಬ್ಬೆರಳು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಅದನ್ನು ಬೆನ್ನೆಲುಬಿನ ಪಕ್ಕ ಊರಿದರೆ, ವರ್ಷಗಟ್ಟಲೆ ಬಸ್ ಓಡಿಸಿದ ನನ್ನಂಥ ದಾಂಡಿಗನೂ ‘ಯವ್ವಾ!’ ಎನ್ನಲೇಬೇಕು. ಸಿಂಧನೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ ಅವರನ್ನು ಊರೆಲ್ಲ ‘ಸೊಂಟದ ಮೇಡಂ’ ಎಂದೇ ಕರೆಯುತ್ತಿತ್ತು.

ನನ್ನ ಸೊಂಟದ ಡಿಸ್ಕ್ ಸವೆದಿತ್ತು. ಕ್ಲಚ್ ತುಳಿದರೆ ನೋವು ಎಡಗಾಲಿನ ಹಿಮ್ಮಡಿತನಕ ಜಗ್ಗುತ್ತಿತ್ತು. ರಜೆ ಹಾಕಿ ಮಲಗಿದ್ದೆ. ‘ಇನ್ನ ಸ್ಟಿಯರಿಂಗ್ ಬಿಡಲೇ, ಡಿಪೋದಾಗ ಗೇಟ್ ಕಾಯಿ’ ಎಂದು ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ಬಸ್ ಓಡಿಸುವುದು ಬಿಟ್ಟರೆ ನನಗೆ ಬೇರೇನು ಬರುತ್ತದೆ?

ಮೇಡಂ ನನ್ನ ಕಾಲನ್ನು ಎತ್ತಿ ಇಳಿಸಿ ನೋಡಿದರು.

‘ಆಪರೇಷನ್ ಈಗ ಬ್ಯಾಡ್ರಿ. ಕಾಲಾಗಿನ ಶಕ್ತಿ ಹೋದ್ರ, ಉಚ್ಚಿ ಕಟ್ಟಿದ್ರ ಮಾತ್ರ ಒಂದು ತಾಸೂ ತಡೀದಂಗ ಡಾಕ್ಟರ್ ಕಡೆ ಓಡ್ರಿ. ಬರೇ ಮಕ್ಕೊಂಡ್ರ ಮೈ ಜಡ್ಡಾಕ್ಕೈತಿ. ನಡೀರಿ, ಕಸರತ್ತು ಮಾಡ್ರಿ. ಸವೆದದ್ದು ಮತ್ತ ಬೆಳ್ಯಂಗಿಲ್ಲ, ಅದನ್ನ ಹೊರೋ ಮೈ ಗಟ್ಟಿ ಆಗ್ಬೇಕು.’

ಜೊತೆಗೆ ಬಂದಿದ್ದ ಅವ್ವನಿಗೆ ಇದು ರುಚಿಸಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಮೇಡಂ ಹಾಗೆ ಹುಟ್ಟಿದವರೆಂದು ಅವ್ವ ಎಲ್ಲಿಂದಲೋ ಪತ್ತೆ ಹಚ್ಚಿದ್ದಳು.

‘ಯವ್ವಾ, ನೀ ಕಾಲು ಮುಂದಾಗಿ ಹುಟ್ಟೀಯಂತ. ನನ್ನ ಮಗನ ಸೊಂಟಕ್ಕ ಒಮ್ಮಿ ಒದ್ದುಬಿಡು, ಪುಣ್ಯ ಬರ್ತೈತಿ.’

ನಾನು ನಾಚಿಕೆಯಿಂದ ಹಿಡಿಯಾದೆ. ಮೇಡಂ ನಗಲಿಲ್ಲ. ಚಪ್ಪಲಿ ಬಿಟ್ಟು, ನನ್ನನ್ನು ಬೋರಲು ಮಲಗಿಸಿ, ಸೊಂಟಕ್ಕೆ ಮೆಲ್ಲಗೆ ಪಾದ ತಾಗಿಸಿದರು.

‘ಇದು ನಿಮ್ಮವ್ವನ ಸಲುವಾಗಿ. ಈಗ ನಿಮ್ಮ ಸಲುವಾಗಿ ಅಂಗಾತ ಮಕ್ಕೊಂಡು, ಮಣಕಾಲು ಮಡಚಿ, ಸೊಂಟ ಮ್ಯಾಲೆತ್ರಿ.’

ಅವ್ವ ಕೈಮುಗಿದಳು. ಅಲ್ಲಿಂದ ಮುಂದೆ ನಾನು ಕಸರತ್ತು ತಪ್ಪಿಸಿದರೆ, ‘ಆಕಿ ಒದ್ದದ್ದು ದಂಡ ಮಾಡ್ತೀಯೇನಲೇ?’ ಎಂದು ಬೈದು ಎಬ್ಬಿಸುತ್ತಿದ್ದಳು. ನೋವು ಕೆರಳಿದ ದಿನ ಮೇಡಂ ಹೇಳುತ್ತಿದ್ದದ್ದು ಒಂದೇ ಮಾತು: ‘ಕಮ್ಮಿ ಮಾಡ್ರಿ, ಬಿಡಬ್ಯಾಡ್ರಿ.’ ತಿಂಗಳುಗಳು ಕಳೆದಂತೆ ನೋವು ಕಾಲು ಬಿಟ್ಟು ಮೇಲೆ ಸರಿಯಿತು, ಆಮೇಲೆ ಸೊಂಟದಲ್ಲೂ ತಗ್ಗಿತು. ಡಾಕ್ಟರು ಡ್ಯೂಟಿಗೆ ಒಪ್ಪಿದರು.

ಮರಳಿದ ಮೊದಲ ಭಾನುವಾರ ಮಸ್ಕಿ ಹಾದು ಲಿಂಗಸುಗೂರಿಗೆ ಬಸ್ ಒಯ್ದೆ. ನಿಲ್ದಾಣದಲ್ಲಿ ಮಂದಿ ಇಳಿದ ಮೇಲೆ ತಿರುಗಿ ನೋಡಿದರೆ, ನನ್ನ ಹಿಂದಿನ ಸೀಟಿನಲ್ಲೇ ಮೇಡಂ!

‘ಇಲ್ಲೇನು ಕೆಲಸ ಇತ್ರಿ ಮೇಡಂ?’

‘ನಿಮ್ಮ ಸೊಂಟ ನೋಡಾಕ ಬಂದೀನಿ. ಮಸ್ಕಿಯಾಗ ಇಳಿದು ಬೆನ್ನು ಹಿಂದಕ ಬಗ್ಗಿಸ್ರಿ ಅಂದಿದ್ದೆ. ಯಾಕ ಇಳೀಲಿಲ್ಲ?’

‘ಬರ್ತೀನಂತ ಮೊದ್ಲ ಹೇಳಬಾರದೇನ್ರಿ?’

‘ಹೇಳಿದ್ರ ನೆಟ್ಟಗ ಕೂಡ್ತಿದ್ರಿ.’

ಅಷ್ಟು ಮಂದಿಯ ಎದುರು ನನ್ನನ್ನು ಕೆಳಗಿಳಿಸಿ ಬೆನ್ನು ಬಗ್ಗಿಸಿಯೇ ಬಿಟ್ಟರು. ಆಮೇಲೆ ಎದುರಿಗೆ ನಿಂತಿದ್ದ ಬಸ್ ಹತ್ತಿ ಸಿಂಧನೂರಿಗೆ ಹೊರಟರು. ವಾರಕ್ಕೊಂದೇ ಬಿಡುವಿನ ದಿನ, ಅದನ್ನೂ ನನ್ನ ಸೊಂಟಕ್ಕೇ ಕೊಟ್ಟರಲ್ಲ ಎಂದು ಕಣ್ಣು ತುಂಬಿ ಬಂತು.

ಇವತ್ತಿಗೂ ಬಸ್ ಓಡಿಸುತ್ತಿದ್ದೇನೆ. ಡ್ರೈವರ್ ಸೀಟು ನನಗೆ ಕೊಟ್ಟದ್ದು ಸರ್ಕಾರ, ಉಳಿಸಿಕೊಟ್ಟದ್ದು ಅವರು.