ಚೀಟಿಯಲ್ಲಿ ಬಂದ ಪಕ್ಷ

ಕಾಲೇಜುಗಳ ಚರ್ಚಾ ಸಂಘವನ್ನು ಬಿಟ್ಟು ಹೊಸದೊಂದು ಕಟ್ಟಬೇಕೋ, ಇದ್ದುದನ್ನೇ ಸರಿಪಡಿಸಬೇಕೋ ಎಂಬುದು ತೀರ್ಮಾನವಾದದ್ದು ರಾಜೀವನಗರದ ನಮ್ಮ ನಡುಮನೆಯಲ್ಲಿ, ಒಂದು ಭಾನುವಾರ, ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ.

ಮಗಳು ಆ ಸಂಘದ ಕಾರ್ಯದರ್ಶಿ. ಅವಳ ಗೆಳತಿ ಒಂದು ವರ್ಷ ಮುಂದಿನವಳು, ಹೆಬ್ಬಾಳದಿಂದ ಬಸ್ಸು ಬದಲಿಸಿಕೊಂಡು ಬರುತ್ತಾಳೆ. ಕನ್ನಡದಲ್ಲಿ ವಾದ ಮಾಡುವವಳು. ಸಂಘದ ಸ್ಪರ್ಧೆಯಲ್ಲಿ ಇಂಗ್ಲಿಷ್ ಚರ್ಚೆ ಯಾವಾಗಲೂ ಬೆಳಿಗ್ಗೆ, ಕನ್ನಡದ್ದು ಸಂಜೆ. ಅಷ್ಟು ಹೊತ್ತಿಗೆ ಜನ ಎದ್ದು ಹೋಗಿ, ಕುರ್ಚಿ ಎತ್ತಿಡುವವರು ಕಾಯುತ್ತಿರುತ್ತಾರೆ. ತುಂಬಿದ ಸಭೆಯ ಮುಂದೆ ಒಮ್ಮೆಯಾದರೂ ಮಾತಾಡಬೇಕೆಂಬುದು ಆ ಹುಡುಗಿಯ ಆಸೆ. ಇದು ಅವಳ ಕೊನೆಯ ವರ್ಷ.

"ಬುಟ್ಟಾಕು ಆ ಸಂಘಾನ. ನಮ್ದೇ ಒಂದು ಮಾಡೋಣ ಕಣೇ," ಎಂದಳು ಮಗಳು.

"ಮಾಡು. ಅಧ್ಯಕ್ಷೆ ನೀನು, ಸದಸ್ಯೆ ನಾನು, ಸಭಿಕರು ಆಂಟಿ ಒಬ್ರೇ," ಎಂದು ಗೆಳತಿ ನಕ್ಕಳು.

ಸಂಘದಲ್ಲಿ ಪರ-ವಿರೋಧವನ್ನು ಚೀಟಿ ಎತ್ತಿ ಹಂಚುತ್ತಾರೆ. ಮನಸ್ಸಿಗೆ ಒಪ್ಪದ ಪಕ್ಷ ಬಂದರೂ ವಾದಿಸಲೇಬೇಕು. ಇಬ್ಬರೂ ಇಲ್ಲೂ ಹಾಗೇ ಮಾಡಿದರು. ಮಗಳಿಗೆ ಬಂದದ್ದು ಹಳೆಯ ಸಂಘದ ಪಕ್ಷ! ಗಂಟೆ ಬಾರಿಸಲು ನನ್ನ ಕೈಗೆ ಲೋಟ, ಚಮಚ ಕೊಟ್ಟರು.

"ಮಾನ್ಯ ಅಧ್ಯಕ್ಷರೇ," ಎಂದು ಮಗಳು ನನಗೇ ಕೈಮುಗಿದಳು. ಹೊಸ ಸಂಘಕ್ಕೆ ಕಾಲೇಜುಗಳ ಒಪ್ಪಿಗೆ ಬೇಕು, ಸಭಾಂಗಣ ಬೇಕು, ತೀರ್ಪುಗಾರರು ಬೇಕು. ಈ ವರ್ಷ ಅದರಲ್ಲೇ ಕಳೆಯುತ್ತದೆ ಎಂದಳು. "ನನಗಾದರೆ ಮುಂದಿನ ವರ್ಷವೂ ಇದೆ. ಆದರೆ ನನ್ನ ಎದುರಾಳಿಗೆ..." ಎಂದವಳು ಅಲ್ಲಿಗೇ ನಿಂತಳು. ಸಮಯ ಮುಗಿದಿತ್ತು. ನಾನು ಲೋಟ ಬಡಿಯಲಿಲ್ಲ.

"ಯಾಕೆ ನಿಂತ್ಬುಟ್ಟೆ?" ಎಂದಳು ಗೆಳತಿ. "ನಾನು ಹೇಳ್ಬೇಕು ಅಂತಿದ್ದಿದ್ದೂ ಇದ್ನೇ ಕಣೇ. ಚೀಟಿ ನಿಂಗೆ ಬಂತು."

ಮರುದಿನ ಇಬ್ಬರೂ ಸಂಘ ನಡೆಸುವ ಮೇಷ್ಟ್ರ ಬಳಿಗೆ ಹೋದರು. ಪಕ್ಷಕ್ಕೆ ಚೀಟಿ ಎತ್ತುವಂತೆ ಯಾವ ಭಾಷೆ ಬೆಳಿಗ್ಗೆ ಎಂಬುದಕ್ಕೂ ಎತ್ತಿ ಎಂದು ಕೇಳಿದರು. "ನೋಡೋಣ ಕಣಮ್ಮ," ಎಂದರಂತೆ ಅವರು. ನೋಡಿದರೋ ಇಲ್ಲವೋ ಎಂದು ಕೇಳಲು ಹುಡುಗಿಯರು ದಿನಾ ಹೋದರು. ಕೊನೆಗೆ ಮೇಷ್ಟ್ರು ಚೀಟಿ ಎತ್ತಿಸಿದರು. ಅದು ಕೈಕೊಟ್ಟರೆ ಏನು ಗತಿ ಎಂದು ನನಗೇ ಅಳುಕು. ಕನ್ನಡಕ್ಕೆ ಬೆಳಿಗ್ಗೆ ಬಂತು.

ಸ್ಪರ್ಧೆಯ ದಿನ ನಾನೂ ಹೋಗಿದ್ದೆ. ಗೆಳತಿಗೆ ಬಹುಮಾನ ಬರಲಿಲ್ಲ. ಆದರೆ ಬಾಗಿಲ ಬಳಿ ಜನ ನಿಂತುಕೊಂಡೇ ಕೇಳಿದರು. ಸಂಜೆ ಇಂಗ್ಲಿಷ್ ಚರ್ಚೆ ನಡೆಯುತ್ತಿರುವಾಗಲೇ ಸಾಲುಗಳು ಖಾಲಿಯಾಗತೊಡಗಿದವು. ಅವಳು ಮಾತ್ರ ಅಲ್ಲಾಡಲಿಲ್ಲ.

"ಬಸ್ಸು ಹೋಗುತ್ತಲ್ಲಮ್ಮ," ಎಂದೆ.

"ಹೋಗ್ಲಿ ಬುಡಿ ಆಂಟಿ. ಪಾಪ, ಅವರು ಮುಗಿಸ್ಲಿ."