ಸೋಮವಾರದ ಶಿಷ್ಯೆ

ನನ್ನ ಅಕ್ಕ ಹತ್ತೊಂಬತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಸಿದವಳು. ಒಗೆಸಿದವಳು ಅಂದರೆ ಕೈಕಟ್ಟಿ ನಿಂತು ಹುಕುಂ ಕೊಟ್ಟವಳಲ್ಲ, ತಾನೂ ಮೊಣಕೈವರೆಗೆ ಸೋಪಿನ ನೀರಿಗೆ ಇಳಿದವಳು. ಲಾಂಡ್ರಿಯ ಉಸ್ತುವಾರಿ ಅವಳದು, ಇಸ್ತ್ರಿ ಮೇಜು ನನ್ನದು. ಅಮ್ಮ ಹೋದಾಗ ನನಗೆ ಹನ್ನೊಂದು, ಅವಳಿಗೆ ಇಪ್ಪತ್ತು. ನನಗೆ ಜಡೆ ಹಾಕಿ, ಶಾಲೆಗೆ ಕಳಿಸಿ, ಕೊನೆಗೆ ಈ ಕೆಲಸಕ್ಕೂ ಅವಳೇ ಸೇರಿಸಿದಳು. ಯಾರಾದರೂ ಮದುವೆಯ ಮಾತೆತ್ತಿದರೆ, ಮೊದಲು ಇವಳದ್ದೊಂದು ಆಗಲಿ ಅಂತ ನನ್ನತ್ತ ಕೈ ತೋರಿಸಿ ಜಾರಿಕೊಳ್ಳುತ್ತಿದ್ದಳು. ಅವಳದೂ ಆಗಲಿಲ್ಲ, ನನ್ನದೂ ಆಗಲಿಲ್ಲ. ಆ ಮಾತು ಬೇರೆ.

ಹೇಳಬೇಕಾದ್ದು ಮ್ಯಾನೇಜರನ ವಿಷಯ. ಅವನ ಸುದ್ದಿ ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ವಾರದಲ್ಲಿ ಆರು ದಿನ ಅವನು ಆಸ್ಪತ್ರೆಯ ಮ್ಯಾನೇಜರು, ಭಾನುವಾರ ನಮ್ಮ ಚರ್ಚಿನ ಹಿರಿಯ. ಆಸ್ಪತ್ರೆಯಲ್ಲಿ ಸರ್ ಅನ್ನಬೇಕು, ಚರ್ಚಿನಲ್ಲಿ ಅಣ್ಣ. ಚೆನ್ನಾಗಿ ಮಾತಾಡುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಒಂದು ಭಾನುವಾರ ಪಾದ್ರಿಗಳಿಗೆ ಹುಷಾರಿರಲಿಲ್ಲ, ಇವನೇ ಪ್ರಸಂಗ ಮಾಡಿದ. ಭಾನುವಾರ ಕೂತು ಹಾಡೋದು ಯಾರಿಗಾದ್ರೂ ಬರುತ್ತೆ, ಸೋಮವಾರ ಬೆಳಿಗ್ಗೆ ಕೆಲಸದ ಜಾಗದಲ್ಲಿ ಯೇಸುವಿನ ಹಿಂದೆ ಹೋಗೋರು ಯಾರಿದ್ದೀರಿ, ಎದ್ದು ನಿಲ್ಲಿ ಅಂದ. ಎಲ್ಲರೂ ಪಕ್ಕದವರ ಮುಖ ನೋಡಿದರು. ಅಕ್ಕ ಎದ್ದಳು. ತೋಳು ಹಿಡಿದು ಎಳೆದೆ, ಕೂರಲಿಲ್ಲ. ಇಡೀ ಚರ್ಚಿನಲ್ಲಿ ಅವಳೊಬ್ಬಳೇ ನಿಂತಿದ್ದಳು, ನನಗೋ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಹೇಳಿದ್ದನ್ನು ಹೇಳಿದ ಹಾಗೇ ನಂಬುವುದು ಅವಳ ಜಾಯಮಾನ. ಮರುದಿನದಿಂದಲೇ ಶುರುವಾಯಿತು. ಸುಟ್ಟಗಾಯದವರ ವಾರ್ಡಿನ ಹಾಸಿಗೆ ಬಟ್ಟೆ ಮಡಚುವಾಗ ದಪ್ಪ ಹೊಲಿಗೆಯ ಅಂಚು ಕಾಲಿನ ಕಡೆಗೇ ಬರಬೇಕು, ಬೆನ್ನಿಗೆ ಒತ್ತಬಾರದು. ತಪ್ಪಿದರೆ ಬಿಚ್ಚಿ ಮತ್ತೆ ಮಡಚು. ಕೊಳೆ ಬಟ್ಟೆಯಲ್ಲಿ ಸಿಕ್ಕ ಹೇರ್‌ಪಿನ್ನು ಯಾರದೆಂದು ವಿಚಾರಿಸಿಕೊಂಡು ಮೂರು ಮಹಡಿ ಹತ್ತಿದ್ದಳು, ಪುಣ್ಯಾತ್ಗಿತ್ತಿ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಲಾಂಡ್ರಿಯವರು ಅವಳಿಗೆ 'ಸೋಮವಾರ' ಅಂತಲೇ ಅಡ್ಡಹೆಸರಿಟ್ಟರು. ಅವಳು ಬಾಗಿಲಲ್ಲಿ ಕಂಡರೆ ಸಾಕು, ಸೋಮವಾರ ಬಂತು, ಹರಟೆ ಸಾಕು ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು.

ಆಪರೇಷನ್‌ಗೆ ಹೋಗುವ ಬಟ್ಟೆಗಳನ್ನು ಗಂಟು ಕಟ್ಟಿ ಸ್ಟೀಮ್ ಮಷೀನಿಗೆ ಹಾಕುತ್ತೇವೆ. ಪ್ರತಿ ಗಂಟಿನ ಮೇಲೂ ಒಂದು ತುಂಡು ಟೇಪು. ಹಬೆಯ ಕಾವು ಸರಿಯಾಗಿ ತಾಗಿದರೆ ಟೇಪಿನ ಬಿಳಿ ಗೆರೆಗಳು ಕಪ್ಪಾಗುತ್ತವೆ. ಕಪ್ಪಾಗದಿದ್ದರೆ ಆ ಬಟ್ಟೆಯನ್ನು ರೋಗಿಯ ಮೈಮೇಲೆ ಹಾಕುವಂತಿಲ್ಲ. ಕಳೆದ ವರ್ಷ ಮಷೀನಿನ ಬಾಗಿಲ ರಬ್ಬರು ಸವೆದು ಹಬೆ ಸೋರತೊಡಗಿತು. ಗೆರೆಗಳು ಬೂದಿ ಬಣ್ಣಕ್ಕೇ ನಿಂತುಬಿಟ್ಟವು.

ಅಕ್ಕ ಹೋಗಿ ಮ್ಯಾನೇಜರನಿಗೆ ಹೇಳಿದಳು. ಹೊಸ ರಬ್ಬರು ಬರುತ್ತೆ, ಅಲ್ಲಿವರೆಗೆ ಹೇಗೋ ನಡೆಸು ಅಂದ. ಒಂದು ವಾರ ಪ್ರತಿ ಗಂಟನ್ನೂ ಎರಡೆರಡು ಸಲ ಹಾಕಿ ಕಪ್ಪು ಮಾಡಿಸಿದಳು. ವಾರ ಕಳೆದು ಅವನೇ ಲಾಂಡ್ರಿಗೆ ಬಂದಾಗ ಬೂದಿ ಟೇಪನ್ನು ಕಿತ್ತು ಅವನ ಕೈಗೇ ಕೊಟ್ಟು, ಇನ್ನು ನಡೆಯಲ್ಲ ಸರ್ ಅಂದಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಗೆರೆ ಬಂದಿದೆಯಲ್ಲ, ನಿಂದು ಯಾಕೋ ಅತಿಯಾಯ್ತು ಅಂತ ಗೊಣಗಿ, ಅವನು ಟೇಪನ್ನು ಮುದುಡಿ ಜೇಬಿಗೆ ಹಾಕಿಕೊಂಡು ಹೋದ.

ಮರುದಿನ ಎರಡು ಸಲ ಹಾಕಿದರೂ ಗೆರೆ ಕಪ್ಪಾಗಲಿಲ್ಲ. ಅಕ್ಕ ಅಷ್ಟೂ ಗಂಟುಗಳನ್ನು ಬೀರುವಿಗೆ ತುಂಬಿ ಬೀಗ ಹಾಕಿದಳು. ಆ ದಿನ ಐದು ಆಪರೇಷನ್ ನಿಂತವು.

ಮಧ್ಯಾಹ್ನ ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಮ್ಯಾನೇಜರನನ್ನೂ ಕೋಣೆಗೆ ಕರೆಸಿದರು. ಮಷೀನು ಕೆಟ್ಟಿದ್ದರೆ ಮೊದಲೇ ಹೇಳೋದಕ್ಕೇನಾಗಿತ್ತು ಅಂತ ಕೇಳಿದರು. ಎರಡು ಸಲ ಹೇಳಿದ್ದೇನೆ, ಎರಡನೇ ಸಲ ಇವಳೂ ಅಲ್ಲೇ ಇದ್ದಳು ಅಂದಳು ಅಕ್ಕ. ಮ್ಯಾನೇಜರು ಕಿಟಕಿ ಕಡೆ ನೋಡಿಕೊಂಡು, ನನಗೆ ಯಾರೂ ಹೇಳಿಲ್ಲ ಅಂದುಬಿಟ್ಟ. ನೀರು ಕುಡಿದಷ್ಟು ಸಲೀಸಾಗಿ ಅಂದ. ಅಕ್ಕ ತಬ್ಬಿಬ್ಬಾಗಿ, ಎಲ್ಲಿದ್ದೇನೆ ಅನ್ನುವುದನ್ನೂ ಮರೆತಳು.

"ಅಣ್ಣಾ, ನಿಮ್ಮ ಕೈಗೇ ಟೇಪು ಕೊಟ್ಟಿದ್ನಲ್ಲ," ಅಂದಳು.

"ಇದು ಆಸ್ಪತ್ರೆ ಕಣಮ್ಮ. ಇಲ್ಲಿ ಅಣ್ಣ ಗಿಣ್ಣ ಎಲ್ಲ ಇಲ್ಲ."

ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ, ನೀನೂ ಅಲ್ಲೇ ಇದ್ದೆಯಂತೆ, ಇವಳು ಹೇಳಿದ್ದು ನಿನಗೆ ಕೇಳಿಸಿತಾ ಅಂತ ಕೇಳಿದರು. ಅಕ್ಕನ ಮುಖ ನೋಡಬೇಕಿತ್ತು. ಸದ್ಯ ಬದುಕಿದೆ ಅನ್ನುವಂತೆ ನನ್ನತ್ತ ನೋಡಿದಳು. ಮ್ಯಾನೇಜರೂ ನೋಡಿದ. ಇಬ್ಬರ ಕೆಲಸವೂ ಒಂದೇ ದಿನ ಹೋದರೆ ಮನೆಯಲ್ಲಿ ಒಲೆ ಹೇಗೆ ಹೊತ್ತಿಕೊಳ್ಳುತ್ತದೆ ಅಂತ ನನಗೆ ಭಯವಾಯಿತು.

"ಮಷೀನ್ ಸದ್ದು ಜಾಸ್ತಿ ಇತ್ತು ಸರ್," ಅಂದೆ. "ನಂಗೇನೂ ಕೇಳಿಸಿಲ್ಲ."

ಅಕ್ಕ ಬೀರುವಿನ ಕೀಲಿ ಮೇಜಿನ ಮೇಲಿಟ್ಟು ಹೊರಟಳು. ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆದರು. ಎರಡೇ ದಿನಕ್ಕೆ ಹೊಸ ರಬ್ಬರು ಬಂತು, ಬಂತೋ ಅಥವಾ ಇವರ ಉಗ್ರಾಣದಲ್ಲೇ ಬಿದ್ದಿತ್ತೋ, ಆ ದೇವರಿಗೇ ಗೊತ್ತು. ಉಸ್ತುವಾರಿಯನ್ನು ನನಗೆ ಕೊಟ್ಟರು. ಭಾನುವಾರ ಚರ್ಚಿನಲ್ಲಿ ಅದೇ ಮಹಾನುಭಾವ ಎದ್ದು ನಿಂತು, ನಮ್ಮ ಒಬ್ಬ ಸಹೋದರಿಗೆ ದೇವರು ದೀನ ಮನಸ್ಸು ಕೊಡಲಿ ಅಂತ ಪ್ರಾರ್ಥಿಸಿದ. ನಮ್ಮ ಮನೆಯಲ್ಲಿ ಉಂಡು ಹೋದವರೆಲ್ಲ ತಲೆ ಬಗ್ಗಿಸಿ ಆಮೆನ್ ಅಂದರು. ಏನಾಯ್ತಮ್ಮ ಅಂತ ಅವಳನ್ನು ಕೇಳಿದವರು ಒಬ್ಬರೂ ಇಲ್ಲ.

ಮನೆಗೆ ಬಂದವಳೇ ನಾನು ಅವನಿಗೆ ಹಿಡಿಶಾಪ ಹಾಕಿದೆ. ಜೋರಾಗಿಯೇ ಹಾಕಿದೆ, ಆ ಕೋಣೆಯಲ್ಲಿ ಆಡಿದ ನನ್ನ ಮಾತು ನನಗೇ ಕೇಳಿಸದಿರಲಿ ಅಂತಲೋ ಏನೋ. ಅಕ್ಕ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅವರ ವಿಷಯ ಬಿಡೇ," ಅಂದಳು. "ಅವರು ಕೈಕೊಟ್ಟಿದ್ದನ್ನ ನಾನು ಹೇಗೋ ತಡ್ಕೋತೀನಿ."

ಈಗ ಅವಳು ವೃದ್ಧಾಶ್ರಮವೊಂದರಲ್ಲಿ ಬಟ್ಟೆ ಒಗೆಯುತ್ತಾಳೆ, ಸಂಬಳ ಅರ್ಧಕ್ಕರ್ಧ. ಚರ್ಚು ಬಿಟ್ಟಿಲ್ಲ. ನನ್ನ ಬುತ್ತಿ ಕಟ್ಟುವುದನ್ನೂ ಬಿಟ್ಟಿಲ್ಲ. ದೊಡ್ಡ ಡಾಕ್ಟರ ಬಾಗಿಲವರೆಗೆ ನಾನು ಮೂರು ಸಲ ಹೋಗಿ ವಾಪಸು ಬಂದಿದ್ದೇನೆ.

ಅಮ್ಮ ಹೋದ ಮೇಲೆ ಊಟಕ್ಕೆ ಮೊದಲಿನ ಪ್ರಾರ್ಥನೆ ಅಕ್ಕನದೇ. ಅದು ಯಾವತ್ತೂ ನನ್ನ ಹೆಸರಿನಿಂದ ಶುರುವಾಗುತ್ತಿತ್ತು. ಅವಳ ಕೆಲಸ ಹೋದ ದಿನದಿಂದ ಮ್ಯಾನೇಜರನ ಹೆಸರು ಬರುತ್ತದೆ, ಅವನ ಹೆಂಡತಿ ಮಕ್ಕಳದೂ ಬರುತ್ತದೆ, ನನ್ನದಿಲ್ಲ. ಮೊನ್ನೆ ಅವನ ಹೆಸರು ಮುಗಿಸಿ, ಇನ್ನು ನನ್ನ ತಂಗಿ ಅನ್ನುವಷ್ಟರಲ್ಲಿ ಅವಳ ಮಾತು ನಿಂತುಬಿಟ್ಟಿತು. ನಾನು ಕಣ್ಣು ಮುಚ್ಚಿ ಕಾದೆ. ಕಣ್ಣು ತೆರೆದರೆ ಅವಳು ನನ್ನನ್ನೇ ನೋಡುತ್ತಿದ್ದಳು, ಕೆನ್ನೆಯೆಲ್ಲ ಒದ್ದೆ.

"ಆಗ್ತಾ ಇಲ್ಲ ಕಣೇ," ಅಂದಳು. "ದಿನಾ ಹೇಳೋಕೆ ನೋಡ್ತೀನಿ. ಅವರ ಹೆಸರು ಹೇಳೋದು ಅಭ್ಯಾಸ ಆಯ್ತು. ನಿಂದು ಬಾಯಿಗೇ ಬರಲ್ಲ."

ಆಮೆನ್ ಅನ್ನದೆಯೇ ಇಬ್ಬರೂ ಉಂಡೆವು.