ನೀರೊಳಗಿನ ಬಂಡಿ ಮತ್ತು ನನ್ನ ಕಿವಿ

ನನ್ನ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಬಾಯ್ಲರಿನ ಕೆಲಸದವನಾಗಿದ್ದೆ. ಹೊರಗಿನವನು ಕಾದ ರಿವೆಟ್ಟಿಗೆ ಸುತ್ತಿಗೆ ಹಾಕುವಾಗ ಬಾಯ್ಲರಿನ ಒಳಗೆ ಕೂತು ಅದರ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯುವುದು ನನ್ನ ಕೆಲಸ. ಹನ್ನೆರಡು ವರ್ಷ ಆ ಸದ್ದಿನೊಳಗೆ ಕೂತೆ. ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಮಗಳ ದನಿ, ಆಮೇಲೆ ಬೆನ್ನ ಹಿಂದೆ ಮಾತಾಡುವವರೆಲ್ಲರ ದನಿ. ಎದುರಿಗೆ ನಿಂತವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದೆ, ಉಳಿದರ್ಧಕ್ಕೆ ‘ಹೂಂ’ ಅನ್ನುತ್ತಿದ್ದೆ. ಬರೀ ಹೂಂ ಅಂದುಕೊಂಡು ಎಷ್ಟು ದಿನ ಬಾಳುವೆ ಮಾಡಬಹುದು ಎಂದು ಯಾರಾದರೂ ಕೇಳಿದರೆ, ನಾನು ನಾಲ್ಕು ವರ್ಷ ಮಾಡಿದವನು.

ಹೆಂಡತಿಗೆ ಮಾತ್ರ ಗೊತ್ತಿತ್ತು. ಕಾರ್ಖಾನೆಯಲ್ಲಿ ಹೇಳಿರಲಿಲ್ಲ. ಕಿವುಡನನ್ನು ಕ್ರೇನಿನ ಕೆಳಗೆ ಯಾರೂ ನಿಲ್ಲಿಸಿಕೊಳ್ಳುವುದಿಲ್ಲ. ಕಸ ಗುಡಿಸಲು ಹಚ್ಚುತ್ತಾರೆ, ಅದೂ ‘ಪಾಪ’ ಅಂತ. ಆ ಪಾಪ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಉಸ್ತಾದರಿಗೂ ಹೇಳಲಿಲ್ಲ.

ಉಸ್ತಾದರು ಲೇಥಿನ ಕೆಲಸದವರು, ನನಗಿಂತ ಹತ್ತು ವರ್ಷ ದೊಡ್ಡವರು. ಜರ್ಮನ್ ಲಡಾಯಿಯ ಕಾಲಕ್ಕೆ ಫಿಟ್ಟರಾಗಿ ಹಡಗು ಹತ್ತಿ ಸಮುದ್ರದಾಚೆಯ ಬಸರಾಕ್ಕೆ ಹೋಗಿ ಬಂದಿದ್ದರು. ವೈರಿಯ ನೀರೊಳಗಿನ ಹಡಗು ಎಲ್ಲಿ ಬಂದು ಹೊಡೆಯುತ್ತದೋ ಎಂದು ಜೊತೆಯವರೆಲ್ಲ ಸಮುದ್ರ ನೋಡುತ್ತ ಜೀವ ಕೈಯಲ್ಲಿ ಹಿಡಿದು ಕೂತಿದ್ದರಂತೆ. ಇವರೊಬ್ಬರು ಮಾತ್ರ, ಅದು ಮುಳುಗಿ ಮತ್ತೆ ಹೇಗೆ ಏಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದರಂತೆ. ಹತ್ತಾರು ವರ್ಷ ಆ ಲೆಕ್ಕ ಅವರ ತಲೆಯಲ್ಲೇ ಇತ್ತು. ಹತ್ತಿ ಜಿನ್ನಿನವರೊಬ್ಬರು ಬೇಡವೆಂದು ಬಿಟ್ಟ ಬಾಯ್ಲರಿನ ಡ್ರಮ್ಮೊಂದು ಅವರ ಹಿತ್ತಲಿಗೆ ಬಂದು ಬಿತ್ತು. ಮರುದಿನವೇ ನನ್ನನ್ನು ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದರು.

“ತಮ್ಮಾ, ಒಬ್ಬ ಮನಷ್ಯಾ ಕೂಡೂವಂಥಾ ನೀರೊಳಗಿನ ಬಂಡಿ ಮಾಡೂಣು. ಲಡಾಯಿಗಲ್ಲ, ಸುಮ್ನ ಒಳಗ ಏನೈತಿ ನೋಡಾಕ.”

“ಹುಬ್ಬಳ್ಯಾಗ ಕುಡ್ಯಾಕ ನೀರಿಲ್ಲ, ಇವರಿಗೆ ಮುಳಗಾಕ ನೀರು ಬೇಕಾಗೇದ” ಎಂದು ನನ್ನ ಹೆಂಡತಿ ನಕ್ಕಳು. ನೀರು ಸಿಕ್ಕಿತು. ಧಾರವಾಡದ ದಾರಿಯಲ್ಲಿ, ರಸ್ತೆಯಿಂದ ಒಳಗೆ, ಕಲ್ಲು ಒಡೆದು ಬಿಟ್ಟ ಖಣಿಯೊಂದಿತ್ತು. ಐದಾಳು ಆಳ, ತಿಳಿಯಾದ ಹಸಿರು ನೀರು.

ಒಂದೂವರೆ ವರ್ಷ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮೊದಲ ದೊಡ್ಡ ತಪ್ಪು ನನ್ನದೇ. ಬಾಯ್ಲರಿನ ಬಾಗಿಲು ಒಳಗಿನಿಂದ ಕೂಡಿಸುವಂಥದ್ದು. ಉಗಿ ಒಳಗಿನಿಂದ ಒತ್ತಿದಷ್ಟೂ ಅದು ಬಿಗಿಯುತ್ತದೆ. ಕೈಗೆ ಕೂತ ಚಾಳಿ, ಹಾಗೇ ಮಾಡಿಟ್ಟೆ. ಉಸ್ತಾದರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರು ಒತ್ತುವುದು ಹೊರಗಿನಿಂದ. ಈ ಬಾಗಿಲನ್ನು ಅದು ಒಳಗೆ ದಬ್ಬಿ ತೆರೆದುಬಿಡುತ್ತಿತ್ತು. ಎಲ್ಲ ಬಿಚ್ಚಿ, ಹೊರಗಿನಿಂದ ಕೂಡುವ ಬಾಗಿಲು ಮಾಡಿದೆ. ಉಸ್ತಾದರು ಹಿಂದೆ ಬಂಡಿಯನ್ನು ಮುಂದಕ್ಕೆ ದಬ್ಬುವ ಒಂದು ಪಂಖ, ಅದನ್ನು ಒಳಗೆ ಕೂತು ಕೈಯಿಂದ ತಿರುಗಿಸಲು ಒಂದು ಹಿಡಿಕೆ, ಮುಂದೆ ದಪ್ಪ ಗಾಜಿನ ಕಿಟಕಿ ಇಟ್ಟರು. ಖಣಿಯ ಅಂಚಿನಲ್ಲಿ ಮೂರು ತೊಲೆ ಕಟ್ಟಿ, ಕಪ್ಪಿ ಹಾಕಿ, ಸರಪಳಿಯಿಂದ ಇಳಿಸಿ ಎತ್ತುವುದು ಎಂದಾಯಿತು.

ಇಳಿಯುವವರು ಯಾರು? ಇಬ್ಬರಿಗೂ ಆಸೆ. ನನಗಂತೂ ಊಟ ಮಾಡುವಾಗಲೂ ಆ ಹಸಿರು ನೀರೇ ಕಣ್ಣ ಮುಂದೆ.

“ನೀ ಭಾಳ ಹುಷಾರ ಮನಷ್ಯಾ. ಹುಷಾರ ಇದ್ದಾವ ದಂಡೀಮ್ಯಾಲ ಇರಬೇಕು. ನಾ ಒಳಗಿಂದ ಬಡೀತೇನಿ, ನೀ ಕೇಳು” ಎಂದರು ಉಸ್ತಾದರು.

ಆಗಾಗ ಒಂದು ಬಡಿತ ಬಂದರೆ ಎಲ್ಲ ಸರಿ. ಬಡಬಡನೆ ಮೂರು ಬಂದರೆ ಎತ್ತಬೇಕು. ನೀರಿನೊಳಗೆ ಕಬ್ಬಿಣದ ಮೇಲೆ ಬಡಿದರೆ ದಂಡೆಯ ಮೇಲೆ ಕೂತವನಿಗೆ ಸ್ವಚ್ಛ ಕೇಳುತ್ತದೆ, ಬಸರಾದಲ್ಲಿ ನೋಡಿದ್ದೇನೆ ಎಂದರು. ನಾನು ಹೂಂ ಅಂದೆ.

ಅಲ್ಲಿಂದ ನನ್ನ ಹುಷಾರಿತನ ಇನ್ನೂ ಹೆಚ್ಚಾಯಿತು. ಬಂಡಿಯ ಹೊಟ್ಟೆಯ ಕೆಳಗೆ ಕಬ್ಬಿಣದ ಸಲಾಕೆಗಳ ಭಾರ ಕಟ್ಟಬೇಕು, ಒಳಗಿನಿಂದ ಒಂದು ಬೋಲ್ಟು ತಿರುಗಿಸಿದರೆ ಅದು ಕಳಚಿ ಬಿದ್ದು ಬಂಡಿ ತಾನಾಗಿ ಮೇಲೆ ಬರಬೇಕು ಎಂದೆ. ಮಾಡಿದೆವು. ಬಾಗಿಲು ಒಳಗಿನಿಂದಲೂ ಹೊರಗಿನಿಂದಲೂ ತೆರೆಯಬೇಕು ಎಂದೆ. ಅದನ್ನೂ ಮಾಡಿದೆವು. ಮೂರು ಸಲ ಖಾಲಿ ಇಳಿಸದೆ ಮನುಷ್ಯ ಕೂಡುವಂತಿಲ್ಲ ಎಂದೆ. ಉಸ್ತಾದರು ಎಲ್ಲರ ಮುಂದೆ ನನ್ನ ಎಚ್ಚರವನ್ನು ಹೊಗಳಿಕೊಂಡು ತಿರುಗಿದರು. ಅದು ಎಚ್ಚರವಾಗಿರಲಿಲ್ಲ. ನನ್ನ ಕಿವಿಯ ಬದಲಿಗೆ ನಾನು ಕಬ್ಬಿಣ ಸೇರಿಸುತ್ತಿದ್ದೆ.

ಹೆಂಡತಿ ಒಂದು ದಿನ ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು: “ಕಿವಿ ಕೇಳೂದಿಲ್ಲ ಅಂತ ಅವರಿಗೆ ಹೇಳಿಬಿಡ್ರಿ. ಒಂದ ಮಾತಿನ ಕೆಲಸ. ಅದಕ್ಕ ಇಷ್ಟ್ಯಾಕ ಕಬ್ಬಣಾ ಹೇರತೀರಿ?”

ನನಗೆ ಸಿಟ್ಟು ಬಂತು. ತಟ್ಟೆ ಸರಿಸಿ ಎದ್ದುಹೋದೆ. ನಿಜ ಹೇಳಿದವರ ಮೇಲೆ ಬರುವ ಸಿಟ್ಟಿನಂಥ ಸಿಟ್ಟು ಬೇರೆ ಯಾವುದೂ ಇಲ್ಲ.

ಪರೀಕ್ಷೆಗೆಂದು ಹಿತ್ತಲಿನಲ್ಲಿ ಉಸ್ತಾದರು ಒಳಗೆ ಕೂತು ಬಡಿದರು, ನಾನು ಹೊರಗೆ ಡ್ರಮ್ಮಿನ ಮೇಲೆ ಅಂಗೈ ಇಟ್ಟು ಎಣಿಸಿ ಹೇಳಿದೆ. ಒಂದೂ ತಪ್ಪಲಿಲ್ಲ. ಕೈಗೆ ತಿಳಿದದ್ದನ್ನು ಕಿವಿ ಕೇಳಿತೆಂದು ಅವರು ನಂಬಿದರು. ಸರಪಳಿ ಹಿಡಿದರೂ ಹೀಗೇ ತಿಳಿದೀತೆಂದು ನಾನೂ ನಂಬಿಕೊಂಡೆ.

ಖಾಲಿ ಇಳಿಸುವಾಗ ಒಳಗೆಲ್ಲ ಜೋಳದ ಹಿಟ್ಟು ಉದುರಿಸುತ್ತಿದ್ದೆವು. ಎಲ್ಲಿ ಹನಿ ಬೀಳುತ್ತದೋ ಅಲ್ಲಿ ಹಿಟ್ಟು ಮುದ್ದೆಯಾಗಿ ಸಿಕ್ಕಿಬೀಳಬೇಕು. ಮೂರು ಸಲವೂ ಹಿಟ್ಟು ಹಾರಿಹೋಗುವಷ್ಟು ಒಣದಾಗಿತ್ತು. ಒಂದು ಮಾತು ಇಬ್ಬರಿಗೂ ಹೊಳೆಯಲಿಲ್ಲ. ಖಾಲಿ ಬಂಡಿಯಲ್ಲಿ ಪಂಖ ತಿರುಗುವುದಿಲ್ಲ.

ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಉಸ್ತಾದರು ಒಳಗೆ ಕೂತರು. ಮಗು ತೊಟ್ಟಿಲಿನಿಂದ ನೋಡುವಂತೆ ನನ್ನ ಕಡೆ ನೋಡಿ ನಕ್ಕರು. ಬಾಗಿಲು ಬಿಗಿದು ಇಳಿಸಿದೆ. ಹಸಿರು ನೀರು ಬಂಡಿಯನ್ನು ನುಂಗಿತು. ಸರಪಳಿ ಕೈಯಲ್ಲಿ ಹಿಡಿದು ಕೂತೆ. ಒಂದು ಅದುರು ಬಂತು. ಸರಿ ಇದ್ದಾರೆ ಅಂದುಕೊಂಡೆ. ಮತ್ತೆ ಅದುರು, ಮತ್ತೆ. ಪಂಖ ತಿರುಗಿದರೂ ಸರಪಳಿ ಅದುರುತ್ತದೆ, ಬಡಿದರೂ ಅದುರುತ್ತದೆ, ನೀರು ಜಗ್ಗಿದರೂ ಅದುರುತ್ತದೆ. ನನಗೆ ಬೇಕಾದದ್ದನ್ನೇ ನಾನು ಎಣಿಸಿಕೊಂಡೆ. ಬಿಸಿಲು ಬಿದ್ದಿತ್ತು. ಒಳಗೆ ಏನು ಕಾಣುತ್ತಿರಬಹುದು ಎಂದು ಹೊಟ್ಟೆಕಿಚ್ಚು ಪಡುತ್ತ ಕೂತಿದ್ದೆ, ದೇವರಾಣೆ.

ಒಮ್ಮೆಲೇ ಸರಪಳಿ ಸಡಿಲಾಯಿತು. ನೀರು ಕುದ್ದಂತೆ ಆಗಿ ಬಂಡಿ ಬೆನ್ನು ಮೇಲೆ ಮಾಡಿ ಎದ್ದಿತು. ಅವರೇ ಒಳಗಿನಿಂದ ಭಾರ ಕಳಚಿದ್ದರು. ನಾನು ನೀರಿಗೆ ಹಾರಿ ಬಾಗಿಲು ತೆರೆದೆ. ಉಸ್ತಾದರು ಕುತ್ತಿಗೆಮಟ ನೀರಿನಲ್ಲಿ ಕೂತಿದ್ದರು. ಪಂಖದ ದಂಡ ಒಳಗೆ ಬರುವ ತೂತಿನಿಂದ, ತಿರುಗಿಸಿದಂತೆಲ್ಲ ನೀರು ನುಗ್ಗಿತ್ತು. ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ಬಡಿದು ಬಡಿದು ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು.

ಅಂಚಿಗೆ ಎಳೆದು ಮಲಗಿಸಿದೆ. ಬಹಳ ಹೊತ್ತು ಕೆಮ್ಮಿದರು, ನೀರು ಕಾರಿದರು. ಆಮೇಲೆ ಕಲ್ಲಿನ ಕಡೆ ಮುಖ ಮಾಡಿಯೇ ಏನೋ ಹೇಳಿದರು. ನಾನು ಹೂಂ ಅಂದೆ. ಅವರು ನಿಧಾನಕ್ಕೆ ಹೊರಳಿ ನನ್ನನ್ನು ನೋಡಿದರು. ಮತ್ತೆ ಹೇಳಿದಾಗ ತುಟಿ ಕಾಣಿಸಿತು: “ಕೇಳಿಸಿದ್ರ ಯಾಕ ಎತ್ತಲಿಲ್ಲೋ?”

ಅವರು ಕೈ ಎತ್ತಿ, ನನ್ನ ಕಿವಿಯ ಪಕ್ಕದಲ್ಲಿ ಎರಡು ಸಲ ಚಿಟಿಕೆ ಹೊಡೆದರು. ಆಮೇಲೆ ಕೈ ಕೆಳಗೆ ಬಿಟ್ಟರು.

ಅಂದೇ ಜ್ವರ ಬಂತು. ಎದೆಯಲ್ಲಿ ನೀರು ಸೇರಿದೆ, ನ್ಯುಮೋನಿಯಾ ಎಂದರು ಡಾಕ್ಟರು. ಆರು ದಿನ ನಾನು ಅವರ ಓಣಿಯ ತನಕ ಹೋಗಿ ತಿರುಗಿ ಬಂದೆ. ಏಳನೆಯ ದಿನ ಹೆಂಡತಿಯೇ ಕೈ ಹಿಡಿದು ಬಾಗಿಲಲ್ಲಿ ಬಿಟ್ಟುಹೋದಳು.

ಅವರು ಬಡಕಲಾಗಿಬಿಟ್ಟಿದ್ದರು. ನನ್ನನ್ನು ಕಂಡು ಹಾಸಿಗೆಯ ಅಂಚು ತೋರಿಸಿದರು. ಕೂತು, “ಉಸ್ತಾದ್, ನಾ…” ಎಂದೆ. ಅವರು ತಮ್ಮ ಮಗಳಿಂದ ಅವಳ ಶಾಲೆಯ ಪಾಟಿ, ಬಳಪ ತರಿಸಿಕೊಂಡರು. ಎದೆಯ ಮೇಲೆ ಇಟ್ಟುಕೊಂಡು, ದಮ್ಮು ತೆಗೆದುಕೊಳ್ಳುತ್ತ, ಸೊಟ್ಟ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ನನಗಾಗಿ ಒಬ್ಬರು ಬರೆದು ತೋರಿಸಿದ್ದು ಅದೇ ಮೊದಲು.

‘ಮೊದಲ ಹೇಳಿದ್ರ ನಿನ್ನ ಒಳಗ ಕೂಡಸ್ತಿದ್ನಲ್ಲೋ ತಮ್ಮಾ. ನಾ ಮ್ಯಾಲ ಕುಂತು ಕೇಳತಿದ್ದೆ.’

ಇಷ್ಟೇ ಇತ್ತು ಅದು. ಕಿವುಡನಾದವನು ಒಳಗೆ ಕೂತು ಬಡಿಯಬೇಕು, ಕೇಳುವವನು ಮೇಲೆ ಕೂಡಬೇಕು. ಹಿಟ್ಟು, ಭಾರ, ಎರಡು ಕಡೆ ತೆರೆಯುವ ಬಾಗಿಲು, ಎಲ್ಲ ಹೊಳೆದ ನನಗೆ ಇದು ಹೊಳೆದಿರಲಿಲ್ಲ. ನಾನು ನಾಚಿಕೆ ಬಿಟ್ಟಿದ್ದರೆ ಅವರು ಹಾಸಿಗೆ ಹಿಡಿಯುತ್ತಿರಲಿಲ್ಲ, ನಾನು ಇಳಿಯುತ್ತಿದ್ದೆ.

ನನ್ನ ಬಾಯಿ ನೆಟ್ಟಗೇ ಇತ್ತು. ಆದರೂ ಬಳಪ ತೆಗೆದುಕೊಂಡು ಅದರ ಕೆಳಗೆ ಬರೆದೆ: ‘ಇಳೀಬೇಕಂತ ಭಾಳ ಆಸೆ ಇತ್ರಿ ಉಸ್ತಾದ್.’

ಅವರು ಓದಿ, ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಎರಡು ದಿನಕ್ಕೆ ತೀರಿಕೊಂಡರು.